ವಿಂಡೋಗೊಂದು ಡಬ್ಬಿ

ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ, ಏನೇ ಕಳಿಸುವ ಮೊದಲೂ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, "ಯಾರ ಡಬ್ಬಿ ಯಾರಿಗೆ?" ಎನ್ನುತ್ತಿದ್ದರು. ಆ ಮಾತು ಶುರುವಾದದ್ದು ಅವರ ಮಗಳ ನಾಮಕರಣದಿಂದ.

ಕಂಪ್ಯೂಟರಿನ ಕ್ಯಾಲೆಂಡರಿನಿಂದಲೇ ಆಹ್ವಾನ ಕಳಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಅವರು ಬರೆದಿದ್ದರು. ಪರೀಕ್ಷಿಸಲು ಎರಡು ವಿಂಡೋ ತೆರೆದರು. ಒಂದರಲ್ಲಿ ವಿದೇಶದ ಗ್ರಾಹಕರ ಜೊತೆಗಿನ ಸಭೆ, ಇನ್ನೊಂದರಲ್ಲಿ ನಾಮಕರಣ. ಪ್ರೋಗ್ರಾಂ ಎರಡರ ವಿವರವನ್ನೂ ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದರಿಂದ ಕೊನೆಗೆ ಬರೆದದ್ದಷ್ಟೇ ಉಳಿಯಿತು. ಗ್ರಾಹಕರಿಗೆ ಕಾಡುಗೋಡಿಯ ಛತ್ರದಲ್ಲಿ ಹೋಳಿಗೆ ಊಟಕ್ಕೆ ಕರೆ ಹೋಯಿತು.

"ಇವತ್ತು ಸರಿಮಾಡ್ಲಿಲ್ಲ ಅಂದ್ರೆ ಈ ಕಸ್ಟಮರ್ ಕೈಬಿಟ್ಟೋಗ್ತಾರೆ ಕಣ್ರೀ!" ಎಂದು ಮ್ಯಾನೇಜರ್ ಕೂಗಾಡಿದರು.

"ಹೋಗಲ್ಲ ಸಾರ್, ಊಟಕ್ಕೆ ಬರ್ತೀವಿ ಅಂತ ಆಗ್ಲೇ ಒಪ್ಕೊಂಡಿದ್ದಾರೆ" ಎಂದರು ಇವರು.

ಆಮೇಲೆ ನಮ್ಮೆಲ್ಲರ ಊಟದ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನನ್ನನ್ನು ಕರೆದರು. "ನೋಡು ಗುರು, ಎಲ್ಲಾನೂ ಒಂದೇ ಡಬ್ಬಿಗೆ ಸುರಿದ್ರೆ ಪಾಯಸಕ್ಕೆ ಉಪ್ಪಿನಕಾಯಿ ಬೀಳುತ್ತೆ. ವಿಂಡೋಗೊಂದು ಡಬ್ಬಿ ಬೇಕು." ಸಂಜೆಯೊಳಗೆ ಪ್ರೋಗ್ರಾಮನ್ನು ಹಾಗೇ ತಿದ್ದಿ ಮುಗಿಸಿದರು. ಗ್ರಾಹಕರು ಉಳಿದರು.

ಹೋದ ತಿಂಗಳು ಅವರು ತೀರಿಕೊಂಡರು. ನಾನು ಅದೇ ಪ್ರೋಗ್ರಾಮಿನಲ್ಲಿ ಎರಡು ವಿಂಡೋ ತೆರೆದು, ಒಂದರಲ್ಲಿ ಗ್ರಾಹಕರಿಗೆ ವಾರದ ಸಭೆಯನ್ನೂ ಇನ್ನೊಂದರಲ್ಲಿ ಗೆಳೆಯರಿಗೆ ಅವರ ವೈಕುಂಠ ಸಮಾರಾಧನೆಯನ್ನೂ ಬರೆದೆ. ಕಳಿಸುವಾಗ ನನ್ನ ಬೆರಳೂ ಗಾಳಿಯಲ್ಲಿ ನಿಂತಿತು. ಎರಡೂ ಸರಿಯಾದವರಿಗೇ ಹೋದವು. ಒಂದಾದರೂ ತಪ್ಪಿದ್ದರೆ, ಬೈಯುವ ನೆಪದಲ್ಲಿ ಎದುರಿನ ಖಾಲಿ ಮೇಜಿನ ಕಡೆ ನೋಡಿ ಅವರನ್ನೊಮ್ಮೆ ಕೂಗಬಹುದಿತ್ತು.