ಖಾಲಿ ಬಸ್ಸಿನೊಳಗಿನ ಅಳು

ಕೆಟ್ಟು ನಮ್ಮ ಡಿಪೊಗೆ ಬಂದಿದ್ದ ಬಸ್ಸಿನ ಕೆಳಗೆ ಮಲಗಿ ಬೋಲ್ಟ್ ಬಿಚ್ಚುತ್ತಿದ್ದೆ. ತಲೆಯ ಮೇಲಿಂದ ಮಗು ಅಳುವ ಸದ್ದು ಬಂತು. ಖಾಲಿ ಬಸ್ಸಿನಲ್ಲಿ ಮಗುವೇ? ಗಾಬರಿಯಿಂದ ಹೊರಗೆ ತೆವಳಿ ಬಸ್ಸು ಹತ್ತಿದೆ. ಕೊನೆಯ ಸೀಟಿನಲ್ಲಿ ಆಗಷ್ಟೇ ಎಚ್ಚರವಾಗಿದ್ದ ಪುಟ್ಟ ಹುಡುಗಿಯೊಬ್ಬಳು ‘ಅವ್ವಾ’ ಎಂದು ಕಿರುಚುತ್ತಿದ್ದಳು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ದಾರಿಯಲ್ಲಿ ಆ ಬಸ್ಸು ಕೆಟ್ಟಿತ್ತು. ಪ್ರಯಾಣಿಕರು ಹಿಂದೆ ಬಂದ ಬಸ್ಸಿಗೆ ನುಗ್ಗಿ ಹತ್ತಿಕೊಂಡಿದ್ದರು. ಇದನ್ನು ನಮ್ಮಲ್ಲಿಗೆ ಎಳೆದು ತಂದಿದ್ದರು. ನಾನು ಕೂಡಲೇ ಆ ಎರಡನೇ ಬಸ್ಸಿನ ಕಂಡಕ್ಟರಿಗೆ ಫೋನ್ ಮಾಡಿಸಿದೆ. ಅಷ್ಟರಲ್ಲಿ ಮಗುವಿನ ತಂದೆತಾಯಿ ಬಸ್ಸಿಳಿದು, ಕೆಟ್ಟು ನಿಂತಿದ್ದ ಜಾಗಕ್ಕೆ ವಾಪಸ್ ಓಡಿದ್ದರಂತೆ. ಅಲ್ಲಿ ಬಸ್ಸೇ ಇಲ್ಲ! ಅವರ ನಂಬರ್ ಬರೆದುಕೊಂಡಿದ್ದ ಕಂಡಕ್ಟರ್ ಫೋನಿನಲ್ಲಿ ಸುದ್ದಿ ಮುಟ್ಟಿಸಿದ.

ನನ್ನ ಗ್ರೀಸ್ ಮೆತ್ತಿದ ಕೈ ಕಂಡು ಹೆದರಿದ್ದ ಹುಡುಗಿ, ಡ್ರೈವರ್ ಸೀಟಿನಲ್ಲಿ ಕೂರಿಸಿ ಹಾರನ್ ತೋರಿಸಿದ ಮೇಲೆ ಅಳು ನಿಲ್ಲಿಸಿದಳು. ಹಾರನ್ ಮಾತ್ರ ನಿಲ್ಲಲಿಲ್ಲ.

ಆಟೊದಿಂದ ಇಳಿದ ತಾಯಿ ಓಡಿಬಂದು ಮಗುವನ್ನು ಅವುಚಿಕೊಂಡಳು. ‘ಅವ್ರು ಎತ್ಕಂಡವ್ರೆ ಅಂತ ನಾನು, ನಾನು ಎತ್ಕಂಡಿವ್ನಿ ಅಂತ ಅವ್ರು... ಇಂಗಾಗೋಯ್ತು ಕಣಣ್ಣ’ ಎಂದು ಬಿಕ್ಕಿದಳು. ತಂದೆ ಪಕ್ಕದ ಟೈರಿನ ಮೇಲೆ ಕುಸಿದು ಕುಳಿತ. ಮಗುವಿನ ಫ್ರಾಕಿನ ತುಂಬ ನನ್ನ ಬೆರಳಿನ ಕರಿ ಗುರುತು. ‘ಬಟ್ಟೆ ಕೊಳೆ ಆಗೋಯ್ತಲ್ಲವ್ವ’ ಎಂದೆ. ‘ಆಗ್ಲಿ ಬುಡಣ್ಣ’ ಎಂದು ಅಳುತ್ತಲೇ ನಕ್ಕಳು.

ಈಗ ಕೆಟ್ಟ ಬಸ್ಸು ಯಾವುದೇ ಬರಲಿ, ಮೊದಲು ಹತ್ತಿ ಕೊನೆಯ ಸೀಟಿನವರೆಗೂ ನೋಡಿ ಬರುತ್ತೇನೆ. ಜೊತೆಯವರು ನಗುತ್ತಾರೆ. ಸೀಟೆಲ್ಲ ಖಾಲಿ ಕಂಡಾಗ ನನಗೆ ಮಾತ್ರ ಹಾಯೆನಿಸುತ್ತದೆ.