ಮೂರು ಸೀಟಿಯ ಲೆಕ್ಕ

ತೊಗರಿಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂದು ನೀವು ನನ್ನನ್ನು ಕೇಳಿದರೆ, ಯಾವ ಊರ ಬೇಳೆ ಎಂದು ನಾನು ಮೊದಲು ಕೇಳುತ್ತೇನೆ. ಕಲಬುರಗಿಯಿಂದ ಕಟ್ಟಿ ತಂದದ್ದಾದರೆ ಸಣ್ಣ ಉರಿಯ ಮೇಲೆ ಮೂರು ಸೀಟಿ ಸಾಕು. ಮುಚ್ಚಳ ತೆಗೆದಾಗ ಇಡಿಯಾಗಿ ಕಂಡ ಬೇಳೆ ಸೌಟು ತಾಗಿದೊಡನೆ ಬೆಣ್ಣೆಯ ಹಾಗೆ ಕುಸಿದುಬಿಡುತ್ತದೆ. ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಓಣಿಯ ಅಂಗಡಿಯದ್ದಾದರೆ ಐದು ಸೀಟಿಗೂ ಹಟ ಬಿಡುವುದಿಲ್ಲ. ಹೊತ್ತು ಎನ್ನುವುದು ಗಡಿಯಾರದೊಳಗೆ ಇರುತ್ತದೆಂದು ಜನ ಹೇಳುತ್ತಾರೆ. ನನಗಂತೂ ಅದು ಯಾವಾಗಲೂ ಒಲೆಯ ಮೇಲೆ, ಉಗಿಯ ನಡುವೆ, ಅರ್ಧ ಕಂಡು ಅರ್ಧ ಕಾಣದ ಹಾಗೆ ಕೂತಿರುವ ವಸ್ತು. ಬೆಳಗಿನ ಬಿಸಿಲು ಅಡುಗೆಮನೆಯ ಜಾಲರಿಯಿಂದ ಓರೆಯಾಗಿ ಇಳಿದು ಆ ಉಗಿಯನ್ನು ಹಾದುಹೋಗುವಾಗ, ನಿಂತಲ್ಲೇ ನಿಂತು, ಒಗ್ಗರಣೆಯ ಸಾಸಿವೆ ಕೈಯಲ್ಲೇ ಉಳಿದು, ನಾನು ಎಷ್ಟೋ ಊರು ಸುತ್ತಿ ಬಂದದ್ದುಂಟು.

ಆ ವರ್ಷಗಳಲ್ಲಿ ಹೈದರಾಬಾದಿಗೆ ಹೈದರಾಬಾದೇ ಹಾಗೆ ನಿಂತಲ್ಲಿ ಕನಸು ಕಾಣುತ್ತಿತ್ತು. ನಗರದ ಪಶ್ಚಿಮಕ್ಕೆ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಮೀರ್‌ಪೇಟ್‌ನ ಗೋಡೆಗಳ ಮೇಲೆ ಕಂಪ್ಯೂಟರ್ ಭಾಷೆಗಳ ಹೆಸರುಗಳು ದೇವರ ನಾಮಾವಳಿಯಂತೆ ಒಂದರ ಕೆಳಗೊಂದು ಅಂಟಿಕೊಂಡಿದ್ದವು. ಅಲ್ಲಿ ಬಸ್ಸಿಗೆ ಕಾಯುವಾಗ ನಾನೂ ಅವನ್ನು ಅರ್ಥವಿಲ್ಲದೆ, ಭಕ್ತಿಯಿಂದ ಓದಿದ್ದೇನೆ. ನನ್ನ ಯಜಮಾನರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವರು. ಅವರ ಬೋರ್ಡು, ಪೆನ್ಸಿಲುಗಳನ್ನು ಮೂಲೆಗೆ ಸರಿಸಿ ಅಲ್ಲಿಗೂ ಕಂಪ್ಯೂಟರ್ ಬಂದಿತ್ತು. ಒಂದು ಸಂಜೆ ಅವರು ಚಹಾ ಲೋಟ ತಿರುಗಿಸುತ್ತ, "ನಮ್ಮದು ಹೆಂಗೋ ನಡೀತು. ಪಲ್ಲವೀನ್ನ ಮಾತ್ರ ಆ ಸಿಸ್ಟರುಗಳ ಸಾಲಿಗಿ ಹಾಕಬೇಕು ನೋಡು. ಇಂಗ್ಲಿಷ್ ಒಂದು ಬಾಯಾಗ ಕುಂತರ ಮುಂದ ಯಾರಿಗೂ ಅಂಜೋದಿಲ್ಲ," ಎಂದರು.

ಪಲ್ಲವಿ ನಮ್ಮ ಒಬ್ಬಳೇ ಮಗಳು, ಆಗ ಐದನೇ ತರಗತಿ. ಕ್ರೈಸ್ತ ಸಿಸ್ಟರುಗಳು ನಡೆಸುವ ಆ ಶಾಲೆ ನಮ್ಮ ಮನೆಯಿಂದ ಎರಡು ಬಸ್ಸು ದೂರ; ಎತ್ತರದ ಕಂಬಗಳ ಪಡಸಾಲೆ, ಅದರಾಚೆ ಮರಗಳ ನೆರಳು, ನೆರಳಲ್ಲಿ ನೀಲಿ ಸಮವಸ್ತ್ರದ ಹುಡುಗಿಯರು ಮೀನುಗಳ ಹಾಗೆ ಮೌನವಾಗಿ ಹಾದುಹೋಗುವ ದೃಶ್ಯ. ಆರನೇ ತರಗತಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟುಗಳು ಬೆರಳೆಣಿಕೆಯಷ್ಟು, ಬರೆಯುವವರು ಪಡಸಾಲೆ ತುಂಬುವಷ್ಟು. ಅಬಿಡ್ಸ್‌ನ ಹಳೆ ಪುಸ್ತಕದ ಅಂಗಡಿಯಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಅದರಲ್ಲಿ ಹಿಂದಿನ ಯಾವುದೋ ಮಗು ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದ ಉತ್ತರಗಳು ಬೆಳಕಿಗೆ ಹಿಡಿದರೆ ಕಾಣುತ್ತಿದ್ದವು. ಆ ಮಗುವಿಗೆ ಸೀಟು ಸಿಕ್ಕಿತ್ತೋ ಇಲ್ಲವೋ ಎಂದು ನಾನು ಎಷ್ಟೋ ಮಧ್ಯಾಹ್ನ ಯೋಚಿಸಿದ್ದೇನೆ.

ನಮ್ಮ ಹುಡುಗಿಗೆ ಲೆಕ್ಕ ಬರುತ್ತಿತ್ತು, ಅವಸರ ಬರುತ್ತಿರಲಿಲ್ಲ. ಒಂದು ಲೆಕ್ಕ ಓದಿ, ಕಿಟಕಿಯಾಚೆ ನೋಡಿ, ಆ ಲೆಕ್ಕದೊಳಗಿನ ತೋಟಕ್ಕೋ ರೈಲಿಗೋ ಹೋಗಿ, ಅಲ್ಲಿ ಸ್ವಲ್ಪ ಅಡ್ಡಾಡಿ, ಆಮೇಲೆ ಉತ್ತರದೊಂದಿಗೆ ತಿರುಗಿ ಬರುವ ಸ್ವಭಾವ. ಈ ಸ್ವಭಾವ ಎಲ್ಲಿಂದ ಬಂತೆಂದು ಸಾಸಿವೆ ಹಿಡಿದು ನಿಂತವಳು ಕೇಳಬಾರದು. ಆದರೂ ಪರೀಕ್ಷೆ ಕಾಯುವುದಿಲ್ಲವಲ್ಲ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ದಿನಾ ಬೆಳಗ್ಗೆ ಊರ ಬೇಳೆ ಒಲೆಗಿಟ್ಟು, ಅಡುಗೆಮನೆಯ ಹೊಸ್ತಿಲ ಬಳಿ ಅವಳನ್ನು ಕೂರಿಸುವುದು. ಕುಕ್ಕರು ಮೊದಲ ಸೀಟಿ ಹಾಕುವ ಮೊದಲೇ ಶುರುಮಾಡಿದ ಪುಟ ಮೂರನೇ ಸೀಟಿಗೆ ಮುಗಿಯಬೇಕು. ಮುಗಿಯಲಿ, ಬಿಡಲಿ, ಮೂರನೇ ಸೀಟಿಗೆ ಪೆನ್ಸಿಲು ಕೆಳಗೆ, ಕೈ ಮಡಿಲಲ್ಲಿ. ಮೊದಲ ವಾರ ಅತ್ತಳು. ಎರಡನೇ ವಾರ ನನ್ನೊಡನೆ ಮಾತು ಬಿಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಅವಳ ಕೈ ಆ ಶಬ್ದಕ್ಕೆ ತಾನಾಗಿ ಪೆನ್ಸಿಲು ಬಿಡತೊಡಗಿತು, ಪುಟವೂ ಮುಗಿದಿರುತ್ತಿತ್ತು. ನಾನು ಹಿಗ್ಗಿದೆ.

ಎದುರು ಫ್ಲ್ಯಾಟಿನ ರಾಯಚೂರಿನ ಶಾಂತಮ್ಮ ಕರಿಬೇವು ಕೇಳಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು. "ಏನ್ರಿ ವೈನಿ, ದಿನಾ ಕುಕ್ಕರ್ ಒದರೋದು ಬ್ಯಾಳಿ ಕುದಿಲಿಕ್ಕೋ, ಮಗಳು ಕುದಿಲಿಕ್ಕೋ?"

"ಎರಡೂ ಕುದ್ರ ಊಟ ಚಲೋ ಆಗತೈತ್ರಿ," ಎಂದೆ. ಅವರು ನಕ್ಕರು, ನಾನೂ ನಕ್ಕೆ. ಪಲ್ಲವಿ ನಗಲಿಲ್ಲ, ಅವಳು ಮೂರನೇ ಸೀಟಿಗೆ ಕಾಯುತ್ತಿದ್ದಳು.

ಪರೀಕ್ಷೆಯ ದಿನ ತಾಯಂದಿರೆಲ್ಲ ಗೇಟಿನ ಹೊರಗೆ ನೆರಳು ಹುಡುಕಿ ಕೂತೆವು. ಹೊರಬಂದ ಪಲ್ಲವಿಯನ್ನು ಹೇಗಾಯಿತೆಂದು ಕೇಳಿದರೆ, "ಟೈಮಿಗೆ ಮುಗೀತವ್ವ," ಎಂದಳು. ಇದಕ್ಕಿಂತ ಒಳ್ಳೆಯ ಮಾತು ನನಗೆ ಬೇಕಿರಲಿಲ್ಲ.

ವಾರದ ಮೇಲೆ ಅಂಕಗಳ ಪಟ್ಟಿ ಹಚ್ಚಿದರು. ಅಷ್ಟು ಜನರ ಭುಜಗಳ ನಡುವೆ ನುಸುಳಿ, ಮೇಲಿನಿಂದ ಓದುತ್ತ ಬಂದೆ. ಹೆಸರುಗಳ ಸಾಲು ಒಂದು ಕೆಂಪು ಗೆರೆಗೆ ಮುಗಿದು, ಗೆರೆಯ ಕೆಳಗೆ ಮತ್ತೆ ಮೂರು ಹೆಸರು. ಅದರಲ್ಲಿ ಕೊನೆಯದು ನಮ್ಮದು. ಉಳಿದ ಸೀಟು ಒಂದು. ಆ ಒಂದಕ್ಕಾಗಿ ಈ ಮೂವರು ನಾಳೆ ತಾಯಿಯೊಡನೆ ಬರಬೇಕು ಎಂದು ಗುಮಾಸ್ತೆ ತೆಲುಗಿನಲ್ಲಿ ವಿವರಿಸಿದಳು. ಆ ಸಂಜೆ ಯಜಮಾನರು ಮಗಳ ಬೂಟಿಗೆ ತಾವೇ ಪಾಲಿಶ್ ಹಾಕಿದರು.

ಮುಖ್ಯ ಸಿಸ್ಟರಿನ ಕೋಣೆ ತಂಪಾಗಿತ್ತು. ಮೇಣದ ವಾಸನೆ, ಹಳೆಯ ಮರದ ಮೇಜು, ಅದರ ಮೇಲೆ ಪಲ್ಲವಿಯ ಉತ್ತರಪತ್ರಿಕೆ. ವಯಸ್ಸಾದ, ತೆಳ್ಳನೆಯ ಸಿಸ್ಟರು ಮೊದಲ ಮೂರು ಪುಟ ಮೆಲ್ಲಗೆ ತಿರುವಿದರು; ಒಂದೂ ತಪ್ಪಿರಲಿಲ್ಲ. ನಾಲ್ಕನೆಯ ಪುಟ ಬೆಳ್ಳಗಿತ್ತು. ಹತ್ತು ಲೆಕ್ಕಗಳ ಕೆಳಗೆ ಹತ್ತು ಖಾಲಿ ಜಾಗ. ಇದನ್ನೇಕೆ ಬರೆಯಲಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಪಲ್ಲವಿ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿ, ತನಗೆ ಬರಲಿಲ್ಲ ಎಂದಳು.

ಅಂಥ ಲೆಕ್ಕಗಳನ್ನು ಅವಳು ನನ್ನ ಹೊಸ್ತಿಲಲ್ಲಿ ನೂರು ಸಲ ಮಾಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರು ಒಂದು ಹಾಳೆ, ಪೆನ್ಸಿಲು ಕೊಟ್ಟು ಹೊಸ ಲೆಕ್ಕವೊಂದನ್ನು ಹೇಳಿದರು. ಅವಳು ಬರೆಯತೊಡಗಿದಳು. ಕೋಣೆಯ ಹಿಂದೆ, ಹಾಸ್ಟೆಲಿನ ಹುಡುಗಿಯರ ಅಡುಗೆಮನೆಯಿಂದ ಒಂದು ಸೀಟಿ ಕೇಳಿತು. ಅವಳ ಪೆನ್ಸಿಲು ಬಿರುಸಾಯಿತು. ಎರಡನೆಯದು ಕೇಳಿತು. ಮೂರನೆಯದು ಕೇಳಿದಾಗ ಅವಳು ಅರ್ಧ ಬರೆದ ಸಂಖ್ಯೆಯನ್ನು ಅಲ್ಲೇ ಬಿಟ್ಟು, ಪೆನ್ಸಿಲು ಕೆಳಗಿಟ್ಟು, ಎರಡೂ ಕೈ ಮಡಿಲಲ್ಲಿ ಮಡಚಿ ಕೂತಳು.

ಪರೀಕ್ಷೆಯ ದಿನವೂ ಇದೇ ಅಡುಗೆಮನೆಯ ಸೀಟಿಗೆ ನಡೆದದ್ದು ಕಣ್ಣೆದುರೇ ಇತ್ತು. ಸಿಸ್ಟರಿಗೆ ಹೇಳದೆ ಗತಿಯಿರಲಿಲ್ಲ. ಇಂಗ್ಲಿಷು ನಾಲ್ಕು ಹೆಜ್ಜೆಗೆ ಕುಂಟಿತು, ಹಿಂದಿಗೆ ಹಾರಿದೆ, ಅಲ್ಲೂ ಕುಕ್ಕರಿನ ವಿಷಯ ಸಿಕ್ಕಿಹಾಕಿಕೊಂಡಿತು. ಸಿಸ್ಟರು ಕೈ ಎತ್ತಿ, "ಕನ್ನಡದಲ್ಲೇ ಹೇಳಿಯಮ್ಮ. ನಾನು ಮಂಗಳೂರು ಕಡೆಯವಳು," ಎಂದರು.

ಹೇಳಿದೆ. ಬೇಳೆ, ಉರಿ, ಹೊಸ್ತಿಲು, ಮೂರು ಸೀಟಿ, ಎಲ್ಲ. ಹೇಳುತ್ತ ಹೋದಂತೆ ಅದೆಲ್ಲ ಎಷ್ಟು ಸಣ್ಣದು, ಎಷ್ಟು ಕ್ರೂರವಾದದ್ದು ಎಂದು ನನ್ನ ಕಿವಿಗೇ ಕೇಳಿಸತೊಡಗಿತು. "ತಪ್ಪು ನಂದ್ರಿ ಸಿಸ್ಟರ್. ಹುಡುಗೀದಲ್ಲ."

ಅವರು ನಗಲಿಲ್ಲ. ಪೆನ್ಸಿಲನ್ನು ಎತ್ತಿ ಪಲ್ಲವಿಯ ಕೈಗಿಟ್ಟು, "ಮುಗಿಸು ಮಗಾ. ಅದು ನಮ್ಮ ಅನ್ನದ ಸೀಟಿ, ನಿನ್ನದಲ್ಲ," ಎಂದರು. ಅವಳು ಮುಗಿಸಿದಳು. ಉತ್ತರ ಸರಿಯಿತ್ತು. ಸಿಸ್ಟರು ಆ ಹಾಳೆಯನ್ನು ಉತ್ತರಪತ್ರಿಕೆಯ ಮೇಲಿಟ್ಟರು.

"ಇವಳಿಗೆ ಬರುತ್ತದೆ ಎಂದು ನನಗೆ ಗೊತ್ತಾಯಿತು," ಎಂದರು. "ಆದರೆ ಹೊರಗೆ ಇನ್ನಿಬ್ಬರು ಕೂತಿದ್ದಾರೆ ನೋಡಿ. ಅವರು ಕೊನೆಯ ಪುಟ ಬರೆದಿದ್ದಾರೆ. ಬರೆದದ್ದಕ್ಕೆ ಮಾತ್ರ ನಾನು ಅಂಕ ಕೊಡಬಹುದು. ಇಲ್ಲವಾದರೆ ಆ ತಾಯಂದಿರಿಗೆ ನಾನು ಏನು ಹೇಳಲಿ?"

ನ್ಯಾಯವಾದ ಮಾತು ಮೃದುವಾಗಿ ಬಂದಾಗ ಅದರ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ಇರುವುದಿಲ್ಲ. ಮಧ್ಯಾಹ್ನ ಗೇಟಿನ ಬಳಿ ಚೀಟಿ ಹಚ್ಚಿದರು. ಬೇರೆ ಹುಡುಗಿಯ ಹೆಸರಿತ್ತು. ಅವಳ ತಾಯಿ ಗೋಡೆಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಅವಳೂ ಏನೇನು ಪಾಡು ಪಟ್ಟಿದ್ದಳೋ.

ಎರಡನೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಅಮೀರ್‌ಪೇಟ್ ದಾಟುತ್ತಿತ್ತು. ಬಿಸಿಲು ಮಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಮೇಲಿನ ಆ ನಾಮಾವಳಿಗಳು ನೀರಿನಡಿಯಲ್ಲಿ ಬರೆದ ಹಾಗೆ ಅಲುಗುತ್ತ ಹಿಂದೆ ಸರಿದವು. ಕೊನೆಗೆ ನಾನೇ ಕೇಳಿದೆ.

"ಪರೀಕ್ಷೆದಾಗ ಬಾಜೂಕ ಕುಂತ ಹುಡುಗ್ಯಾರು ಇನ್ನಾ ಬರೀಲಿಕತ್ತಿದ್ರಲ್ಲ, ನೀ ನೋಡ್ಲಿಲ್ಲೇನು?"

"ನೋಡಿದೆ."

"ಮತ್ತ?"

"ಅವರ ಮನ್ಯಾಗ ಎಷ್ಟು ಸೀಟಿ ಅಂತ ನನಗೇನು ಗೊತ್ತವ್ವ? ಐದು ಇರಬೇಕು ಅಂದ್ಕೊಂಡೆ."

ನಾನು ಅವಳ ಕೈ ಹಿಡಿದುಕೊಂಡೆ. "ಸಿಸ್ಟರ್ ಮುಂದ ಬರಲಿಲ್ಲ ಅಂತ ಯಾಕ ಅಂದಿ?"

"ನೀ ಅಲ್ಲೇ ನಿಂತಿದ್ಯಲ್ಲ, ಸೀಟಿ ಅಂತ ಹೆಂಗ ಹೇಳ್ಲಿ," ಎಂದಳು, ಇಷ್ಟೂ ತಿಳಿಯದೇ ಎಂಬಂತೆ. ಆಮೇಲೆ, "ಕೈ ಕಟ್ಟಿ ಕುಂತೇ ಆ ಪುಟ ಓದಿದೆ. ಮನಸ್ಸಿನಾಗ ಮಾಡಿದೆ. ಹೇಳ್ಲೇನು?"

ಹೇಳತೊಡಗಿದಳು. ಒಂದು ತೊಟ್ಟಿಗೆ ಎರಡು ನಳ, ಒಂದು ಬಿಟ್ಟರೆ ಆರು ತಾಸಿಗೆ ತುಂಬುತ್ತದೆ, ಇನ್ನೊಂದಕ್ಕೆ ಮೂರು ತಾಸು. ಎರಡೂ ಬಿಟ್ಟರೆ ಎರಡು ತಾಸು. ಹೀಗೆ ಒಂದೊಂದೇ ಲೆಕ್ಕ, ಒಂದೊಂದೇ ಉತ್ತರ. ಬಸ್ಸಿನ ಸದ್ದಿನಲ್ಲಿ ನಾನು ಬೆರಳು ಮಡಚುತ್ತ ಅವಳ ಹಿಂದೆ ಓಡಿದೆ. ಒಂಬತ್ತಕ್ಕೆ ಒಂಬತ್ತೂ ಸರಿ. ಯಾರೂ ಅಂಕ ಕೊಡದ ಆ ಬಿಳಿಯ ಪುಟ ತುಂಬಿಯೇ ಇತ್ತು, ಅವಳ ಮಡಿಲೊಳಗೆ, ಮಡಚಿದ ಕೈಗಳ ಕೆಳಗೆ.

"ಹತ್ತನೇದು?"

"ಅದು ಆಗಿಲ್ಲ. ಗಂಟಿ ಹೊಡೀತು." ಅವಳು ಕಿಟಕಿಯ ಕಡೆ ತಿರುಗಿದಳು. "ಎರಡು ರೈಲು ಅದಾವ ಅದರಾಗ. ತಡಿ, ನೋಡ್ತೀನಿ."

ಅವಳ ಕಣ್ಣು ದೂರ ಹೋಯಿತು. ಆ ಎರಡು ರೈಲುಗಳು ಯಾವ ಬಯಲಿನಲ್ಲಿ ಓಡುತ್ತಿದ್ದವೋ, ಹಳಿಯ ಬದಿಗೆ ಏನೇನು ಬೆಳೆದಿತ್ತೋ. ಕಂಡಕ್ಟರು "ಕೂಕಟ್‌ಪಲ್ಲಿ, ದಿಗಂಡಿ, ದಿಗಂಡಿ" ಎಂದು ಬಾಗಿಲು ಬಡಿದು ಇಳಿಯುವವರನ್ನು ಕರೆದ. ಪಕ್ಕದವರು ಚೀಲ ಎತ್ತಿಕೊಂಡು ಇಳಿದರು. ಕಂಡಕ್ಟರು ನನ್ನ ಮುಖ ನೋಡಿದ. ನಾನು ಏಳಲಿಲ್ಲ, ಮಗಳ ಭುಜ ಮುಟ್ಟಲಿಲ್ಲ. ಬಸ್ಸು ನಮ್ಮ ಸ್ಟಾಪನ್ನು ಹಿಂದೆ ಬಿಟ್ಟು ಮುಂದಕ್ಕೆ ಹೊರಟಿತು.

ಎರಡು ಸ್ಟಾಪು ದಾಟಿದ ಮೇಲೆ ಅವಳು ಉತ್ತರ ಹೇಳಿದಳು.