ಊಟಕ್ಕೆ ಎಬ್ಬಿಸುವ ಹಕ್ಕು

ನನ್ನ ಮಗಳು ಮದುವೆಯಾಗಲಿದ್ದ ಹುಡುಗ ವೇಲ್ಸ್‌ನವನು. ಅವನ ತಾಯಿ ಮೊದಲ ಸಲ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಮನೆಗೆ ಬರುತ್ತಾರೆಂದು ಗೊತ್ತಾದ ದಿನವೇ ನಾನು ಫೋನಿನಲ್ಲಿ ಅವರ ಭಾಷೆ ವೆಲ್ಶ್ ಕಲಿಯಲು ಕೂತೆ. ನಮ್ಮಲ್ಲಿ ಬೀಗರನ್ನು ಊಟಕ್ಕೆ ಎಬ್ಬಿಸಬೇಕಾದವಳು ಹೆಣ್ಣಿನ ತಾಯಿ. ಎದುರು ನಿಂತು ಬಾಯಿತುಂಬ ಕರೆಯಬೇಕು. ಅವರ ಮಾತಿನಲ್ಲೇ ಕರೆಯುತ್ತೇನೆ ಅಂದೆ.

ಮಗಳಿಗೆ ಮುಜುಗರ. ಅವರಿಗೆ ಇಂಗ್ಲಿಷ್ ಬರುತ್ತದೆ, ಸುಮ್ಮನೆ ನಗೆಪಾಟಲಾಗಬೇಡ ಅಂತ ಇಂಗ್ಲಿಷಿನಲ್ಲೇ ಗದರಿದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ನುಂಗಿಕೊಂಡೆ. ಇನ್ನು ಅವಳ ಮಕ್ಕಳ ಬಾಯಲ್ಲಿ ನನ್ನ ಮಾತು ಎಲ್ಲಿ ಉಳಿದೀತು ಎಂಬ ಸಂಕಟ. ಸಂಕಟವಾದರೆ ನನಗೆ ಹಟ ಬರುತ್ತದೆ.

ತಿನ್ನುವುದಕ್ಕೆ ಅವರಲ್ಲಿ 'ಬುಯ್ತಾ' ಅನ್ನುತ್ತಾರೆ. ಆದರೆ ಆ 'ಬ' ನಿಂತಲ್ಲಿ ನಿಲ್ಲುವುದಿಲ್ಲ. ಅದರ ಮುಂಚಿನ ಪದ ಯಾವುದೆಂದು ನೋಡಿಕೊಂಡು 'ವುಯ್ತಾ' ಆಗುತ್ತದೆ, 'ಮುಯ್ತಾ' ಆಗುತ್ತದೆ. ಆಗಲಿ ಬಿಡಿ, ನಮ್ಮ 'ಕಾಲ' ಮಳೆಯ ಜೊತೆ ಸೇರಿ 'ಮಳೆಗಾಲ' ಆಗುವುದಿಲ್ಲವೆ? ಹೆದರಿಸಲು ಆ 'ಬ' ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ಎಲ್‌ಆರ್‌ಟಿ ರೈಲಿನಲ್ಲಿ ನಿಂತೇ ಗಟ್ಟಿಯಾಗಿ ಹೇಳಿಕೊಂಡೆ. ಪಕ್ಕದವರು ಸರಿದು ನಿಂತರು, ನನಗೆ ಜಾಗ ಆಯಿತು.

ಅವರು ಬಂದ ದಿನ ಬಾಳೆಲೆ ಹಾಕಿ ಹಾಲ್‌ಗೆ ಬಂದೆ. ಬೀಗಿತ್ತಿ ಮಗನನ್ನು ವೆಲ್ಶ್‌ನಲ್ಲಿ ಏನೋ ಕೇಳುತ್ತಿದ್ದರು. ಅವನು ಫೋನ್ ನೋಡುತ್ತಲೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಓಹೋ, ಅಲ್ಲೂ ಇದೇ ಕತೆ. ಮಗಳು ಕಣ್ಣಲ್ಲೇ ಬೇಡ ಅನ್ನುತ್ತಿದ್ದಳು. ನಾನು ಬೀಗಿತ್ತಿಯ ಎದುರು ಹೋಗಿ ನಿಂತೆ.

"ಡೆವ್ಖ್ ಇ ವುಯ್ತಾ," ಅಂದೆ. ಊಟಕ್ಕೆ ಬನ್ನಿ.

ಆಕೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ವೆಲ್ಶ್‌ನಲ್ಲಿ ಏನೇನೋ ಹೇಳಿದರು. ಒಂದಕ್ಷರ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದೆ. ಆಮೇಲೆ ನಿಮ್ಮ ಮಾತಿನಲ್ಲಿ ಹೇಗೆ ಕರೆಯುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿಕೊಟ್ಟೆ. ಎರಡು ಮೂರು ಸಲ ತಡವರಿಸಿ, ಬಾಗಿಲ ಬಳಿ ನಿಂತಿದ್ದ ನನ್ನ ಮಗಳತ್ತ ತಿರುಗಿದರು.

"ಊಟಕ್ಕೆ ಬಾಮ್ಮಾ."

"ಬಂದೆ ಅತ್ತೆ," ಅಂದಳು ಮಗಳು.

ಅಚ್ಚ ಕನ್ನಡ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಎಲ್ಲರಿಗೂ ಪತ್ರೊಡೆ ಬಡಿಸಿದೆ. ಅವಳ ಎಲೆಯ ಮುಂದೆ ಮಾತ್ರ ಪಾತ್ರೆ ಹಿಡಿದು ಹಾಗೇ ನಿಂತೆ.

"ನನ್ನನ್ನೂ ಕನ್ನಡದಲ್ಲಿ ಕೇಳು. ಆಮೇಲೆ ಬಡಿಸುತ್ತೇನೆ."